ಹಂಡೆ ತೊಟ್ಟ ಅಂಗಿ

ಆ ಊರಿನ ನಲ್ಲಿ ನೀರು ಬಲು ಗಡಸು. ನೀಲಮ್ಮನ ಬಚ್ಚಲುಮನೆಯ ತಾಮ್ರದ ಹಂಡೆಯೊಳಗೆ ಸುಣ್ಣದಂಥ ಬಿಳಿ ಪೊರೆ ದಿನೇದಿನೇ ದಪ್ಪವಾಗುತ್ತ ಬಂತು.

“ಹಂಡೆರಾಯರೇ, ನಾನು ನಿಮ್ಮ ಅಂಗಿ. ಈ ಕೆಟ್ಟ ನೀರು ನಿಮ್ಮ ಮೈ ಸೋಕದಂತೆ ಕಾಪಾಡುತ್ತೇನೆ,” ಎಂದಿತು ಪೊರೆ. ಹಂಡೆ ಹೆಮ್ಮೆಯಿಂದ ಉಬ್ಬಿಹೋಯಿತು.

ನೀರು ತುಂಬುವ ಹಬ್ಬ ಬಂತು. ಹಂಡೆ ಬೆಳಗಲು ಬಂದ ಹುಣಸೆಹಣ್ಣು, “ಹೊರಗಿನ ಮಸಿ ಆಮೇಲಾಯಿತು ಹಂಡೆಯಣ್ಣ, ಮೊದಲು ಒಳಗಿನ ಪೊರೆ ತೆಗೆಯುತ್ತೇನೆ,” ಎಂದಿತು.

“ನೀನು ಮುಟ್ಟಿದರೆ ಉರಿ. ಹಬ್ಬಕ್ಕೆ ಬಂದವರು ನೋಡುವುದು ಹೊರಮೈಯನ್ನು. ಅಷ್ಟು ಬೆಳಗಿ ಹೊರಡು!” ಎಂದು ಹಂಡೆ ಗದರಿತು. ಹುಣಸೆ ಹಾಗೇ ಮಾಡಿತು. ನೀಲಮ್ಮ ಥಳಥಳಿಸುವ ಹಂಡೆಗೆ ನೀರು ತುಂಬಿ, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಕೈಮುಗಿದಳು.

ಮರುದಿನ ಎಣ್ಣೆಸ್ನಾನ. ಎಷ್ಟು ಉರಿ ಹಾಕಿದರೂ ದಪ್ಪ ಪೊರೆಯಾಚೆಯ ನೀರು ಬಿಸಿಯಾಗಲೊಲ್ಲದು. ನೀಲಮ್ಮ ಇನ್ನಷ್ಟು ಸೌದೆ ತುರುಕಿದಳು. ಹಂಡೆಯ ತಳ ಕೆಂಡದಂತಾಗಿ ಬಿರಿಯಿತು. ನೀರೆಲ್ಲ ಒಲೆಗೆ ಸುರಿಯಿತು.

“ಕಾಪಾಡುತ್ತೇನೆ ಎಂದಿದ್ದೆಯಲ್ಲೋ!” ಎಂದು ಹಂಡೆ ನರಳಿತು.

“ಕಾಪಾಡಿದೆನಲ್ಲ ರಾಯರೇ,” ಎಂದಿತು ಪೊರೆ. “ಒಂದು ಹನಿ ನೀರನ್ನೂ ನಿಮಗೆ ತಾಗಗೊಡಲಿಲ್ಲ. ಬೆಂಕಿಯ ಮೇಲೆ ಕೂತ ನಿಮ್ಮ ಕಾವು ಹೀರಿ ನಿಮ್ಮನ್ನು ಇಷ್ಟು ಕಾಲ ಉಳಿಸಿದ್ದು ಆ ನೀರೇ ಎಂಬುದನ್ನು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.”