ಯಮನಿಗೆ ಹಿಡಿದ ಗಾಜು

ತಿಪಟೂರಿನ ಕಂಟ್ರಾಕ್ಟರ್ ನಾಗಭೂಷಣಯ್ಯ ತಾರಸಿಗೆ ನೀರು ಕಾಯಿಸುವ ಸೋಲಾರ್ ಹಾಕಿಸಿದರು. ಕೂರಿಸಲು ಬಂದವರು ಗಾಜಿನ ಹಲಗೆಯನ್ನು ದಕ್ಷಿಣಕ್ಕೆ ಮುಖ ಮಾಡಿ ಇಟ್ಟರು. ಇವರು ಒಪ್ಪಲಿಲ್ಲ.

“ಅದು ಯಮನ ದಿಕ್ಕು. ಉತ್ತರಕ್ಕೆ ತಿರುಗಿಸಿ, ಕುಬೇರನ ಕಡೆಗೆ.”

ತಿರುಗಿಸಿದರು. ಚಳಿಗಾಲ ಬಂತು. ಸೂರ್ಯ ದಕ್ಷಿಣಕ್ಕೆ ವಾಲಿದ. ಹಲಗೆಯ ಬೆನ್ನಿಗೆ ಬಿಸಿಲು, ನಲ್ಲಿಯಲ್ಲಿ ತಣ್ಣೀರು.

ಯಜಮಾನರು ಟವೆಲ್ ಸುತ್ತಿಕೊಂಡೇ ಮನೆಯಾಳನ್ನು ಕರೆದರು.

“ಗಾಜು ಸರಿಯಾಗಿ ಒರೆಸಿಲ್ಲ ನೀನು. ಹಲಗೆ ಅಲುಗಬಾರದು, ನೀರು ಕಾಯಬೇಕು. ಸೋಮವಾರದೊಳಗೆ ಕಾಯದಿದ್ರೆ ಹಿತ್ತಲ ಕೋಣೆ ಖಾಲಿ ಮಾಡು.”

ಆ ಕೋಣೆಯಲ್ಲಿ ಆಳು ಹೆಂಡತಿಯ ಜೊತೆ ಹದಿನೆಂಟು ವರ್ಷ ಬಾಳಿದ್ದ. ಈಗ ಒಬ್ಬನೇ. ಬಿಟ್ಟು ಹೋಗಲು ಮನಸ್ಸಿಲ್ಲ.

ತಾರಸಿಯ ಕಡೆ ಕೈ ತೋರಿಸಿ ಹೇಳಿದ. “ಯಜಮಾನ್ರೇ, ಯಮನ ಕಡೆ ಹಲಗೆ ಬೆನ್ನು ಇಟ್ಟಿದ್ದೀರಿ. ಗಾಜು ಇಟ್ಟಿದ್ರೆ ತನ್ನ ಮುಖ ತಾನೇ ನೋಡ್ಕೊಂಡು ಹೆದರಿ ಓಡ್ತಿದ್ದ.”

“ಯಮನ ವಿಷಯ ನಿನಗೇನೋ ಗೊತ್ತು?”

“ನಮ್ಮ ಕೋಣೆಗೆ ಬಂದಿದ್ನಲ್ಲ, ಹೋದ ಕಾರ್ತೀಕದಲ್ಲಿ. ಕಿಟಕಿ ದಕ್ಷಿಣಕ್ಕಿದೆ. ಗಾಜಿಲ್ಲ.”

ಯಜಮಾನರ ಮುಖ ಬಿಳಿಚಿಕೊಂಡಿತು. ಪ್ಲಂಬರ್‌ನನ್ನು ತಾವೇ ಫೋನ್ ಮಾಡಿ ಕರೆಸಿದರು. ಟವೆಲ್ಲಿನಲ್ಲೇ ತಾರಸಿ ಹತ್ತಿ ನಿಂತು ಕೂಗಿದರು. “ಇನ್ನೂ ಸ್ವಲ್ಪ ತಿರುಗಿಸ್ರೋ! ಅವನಿಗೆ ನೇರವಾಗಿ ಕಾಣಬೇಕು!”

ಮರುದಿನ ಸಂಜೆ ಬಚ್ಚಲಿನಿಂದ ಯಜಮಾನರ ಕೂಗು ಬಂತು. “ಅಯ್ಯಪ್ಪಾ, ಸುಟ್ಕೊಂಡೆ!”

ಹೊರಗೆ ಬಂದವರು ಬೀದಿಗೆಲ್ಲ ಸಾರಿದರು. “ಯಮ ಓಡಿದ ಕಣ್ರೀ! ಎಂಥಾ ಓಟ ಅಂತೀರಿ, ಆ ಕಾವಿಗೆ ನಮ್ಮ ನೀರೆಲ್ಲ ಕಾದುಹೋಗಿದೆ. ಆಳು ಇಲ್ಲೇ ಇರಲಿ. ಗಾಜು ಒರೆಸೋಕೆ ಅನುಭವಸ್ಥ ಬೇಕು.”

ಪಕ್ಕದ ಮನೆಯ ಗಿರಿಜಮ್ಮ ಆಳನ್ನು ಮೆಲ್ಲಗೆ ಕೇಳಿದರು. “ನಿಜವಾಗ್ಲೂ ಯಮ ಓಡಿದ್ನೇನಪ್ಪ?”

“ಅವನು ಹೋಗಿದ್ದು ನಾನು ಕಾಣೆ ತಾಯಿ. ಸೂರ್ಯ ಬಂದಿದ್ದು ಮಾತ್ರ ನೋಡಿದೆ.”