ಕಣಜದವ್ವನ ಕೆಳಬಾಯಿ ತೆರೆದ ಕಥೆ

ದೀಪಕ್ಕೆ ಎಣ್ಣೆ ಹಾಕಿ, ಕೈಯಲ್ಲಿ ನಾಲ್ಕು ಕಾಳು ಜೋಳ ಹಿಡಿದು, ನಿದ್ದೆ ಬಂದವರನ್ನು ಪಕ್ಕದವರು ಚಿವುಟುತ್ತ ಈ ಕಥೆಯನ್ನು ಕೇಳತಕ್ಕದ್ದು.

ಹೊಳೆಯಾಚೆಯ ಮುತ್ತನೂರಿನಲ್ಲಿ ಶಾಂತವೀರಪ್ಪನೆಂಬ ಗೌಡನೂ ನೀಲಗಂಗವ್ವನೆಂಬ ಅವನ ಹೆಂಡತಿಯೂ ಇದ್ದರು. ಅವರ ಮನೆಯ ಕಣಜ ಎಷ್ಟು ಎತ್ತರವೆಂದರೆ, ಅದರ ನೆತ್ತಿಗೆ ಹಾರುವ ಗುಬ್ಬಿ ನಡುವೆ ಒಂದು ಕಡೆ ಕೂತು ದಣಿವಾರಿಸಿಕೊಳ್ಳುತ್ತಿತ್ತು; ನಮ್ಮ ಅಜ್ಜನ ಕಣಜಕ್ಕಿಂತ ಒಂದು ಗೇಣು ಗಿಡ್ಡ, ಅಷ್ಟೆ. ಅದಕ್ಕೆ ತುಂಬಲು ಮೇಲೊಂದು ಬಾಯಿ, ತೆಗೆಯಲು ಬುಡದಲ್ಲೊಂದು ಬಾಯಿ. ಶ್ರಾವಣ ಸೋಮವಾರ ಕೆಳಬಾಯಿಯನ್ನು ಪೂಜಿಸಿ, ಹಳೆಯ ಜೋಳವನ್ನು ಅಲ್ಲಿಂದ ತೆಗೆದು ರೊಟ್ಟಿ ಮಾಡಿ ಹಂಚಿ, ವರ್ಷವಿಡೀ ಅಲ್ಲಿಂದಲೇ ತೆಗೆದು ಉಂಡು, ಬಿಸಿಲಿಗೆ ಒಣಗಿಸಿದ ಹೊಸ ಜೋಳವನ್ನು ಬೇವಿನೆಲೆಯೊಡನೆ ಮೇಲಿಂದ ಸುರಿಯುವುದೇ ಕಣಜದವ್ವನ ವ್ರತ.

ಅತ್ತೆ ತೀರಿದ ಮೇಲೆ ನೀಲಗಂಗವ್ವ, “ಹೊಸಾ ಜೋಳ ಇರೂಮುಂದ ಹಳೇದು ಯಾಕ ತಿನ್ನೂಣು? ನಾವೇನು ಗತಿಗೆಟ್ಟವರೇನು?” ಎಂದು ಕೆಳಬಾಯಿಗೆ ಮಣ್ಣು ಮೆತ್ತಿ, ಮೇಲೆ ಚಂದದ ರಂಗೋಲಿ ಬರೆದು, ಏಣಿ ಹತ್ತಿ ಮೇಲಿನ ಹೊಸದನ್ನೇ ತೆಗೆದು ಬೆಳ್ಳನೆಯ ರೊಟ್ಟಿ ಬಡಿದು ಊರಿಗೆಲ್ಲ ತೋರಿಸುತ್ತಿದ್ದಳು. ತಳದ ಜೋಳ ಕತ್ತಲಲ್ಲಿ ಹಾಗೇ ಉಳಿಯಿತು. ಅದರೊಳಗೆ ನುಸಿಗಳು ಮನೆ ಕಟ್ಟಿ, ಮದುವೆ ಮಾಡಿ, ಮೊಮ್ಮಕ್ಕಳನ್ನು ಕಂಡು, ತಮ್ಮದೇ ಒಬ್ಬ ಗೌಡನನ್ನೂ ಆರಿಸಿಕೊಂಡವು.

ಹೀಗಿರಲು ಒಂದು ಶ್ರಾವಣದಲ್ಲಿ ಮಗಳು ಚಂದ್ರವ್ವನನ್ನು ನೋಡಲು ಗಂಡಿನ ಕಡೆಯವರು ಗಾಡಿ ಕಟ್ಟಿಕೊಂಡು ಬಂದರು. ಹುಡುಗನೂ ಹುಡುಗಿಯೂ ಕದ್ದು ಕದ್ದು ನೋಡಿ ನಕ್ಕರು. ಇನ್ನೇನು ವೀಳ್ಯ ಬದಲಾಗಬೇಕು, ಹೊಳೆ ಉಕ್ಕಿ ದಾರಿ ಮುಳುಗಿತು. ಬೀಗರು ಅಲ್ಲೇ ಉಳಿದು, ಉಂಡು, ಮತ್ತೆ ಉಂಡರು. ಹುಡುಗನ ಸೋದರಮಾವ ರೊಟ್ಟಿಯ ಗುಡ್ಡೆಯ ಹಿಂದೆ ಕೂತರೆ ಪೇಟದ ತುದಿ ಮಾತ್ರ ಕಾಣುತ್ತಿತ್ತು. ಮೇಲಿನ ಜೋಳ ತೀರಿತು. ಏಣಿಯಿಂದ ಕೈ ನಿಲುಕದೆ ನೀಲಗಂಗವ್ವ ಬುಡದ ಮಣ್ಣು ಒಡೆಸಿದಳು. ಕಾಳು ಬರಲಿಲ್ಲ, ಹಿಟ್ಟಿನಂಥ ಧೂಳೂ ನುಸಿಯ ದಂಡೂ ಬೀಗರ ಕಣ್ಣೆದುರಿಗೇ ಹೊರಬಿದ್ದವು.

ಹುಡುಗನ ತಾಯಿ ಮೂಗು ಮುಚ್ಚಿಕೊಂಡು, “ಇಂಥಾ ಮನಿ ಹೆಣ್ಣು ನಮಗ ಬ್ಯಾಡ, ನೀರು ಇಳೀಲಿ ಹೊರಡೂಣು,” ಅಂದಳು. ಚಂದ್ರವ್ವನ ಕಣ್ಣು ತುಂಬಿತು.

ಆಗ ಬೀಗರ ಗಾಡಿಯಲ್ಲೇ ಬಂದಿದ್ದ ಹುಡುಗನ ಮುತ್ತಜ್ಜಿ, ಹಲ್ಲೊಂದೂ ಇಲ್ಲದವಳು, ಮೂಲೆಯಿಂದ ಕೂಗಿದಳು: “ಏ ಹುಡುಗಿ, ಅಳೂದು ಆಮ್ಯಾಲ. ಮೊರ ತಾ, ನೀರು ತಾ!” ಚಂದ್ರವ್ವ ಸೆರಗು ಬಿಗಿದು ಧೂಳು ಕೇರಿ, ಉಳಿದ ಕಾಳನ್ನು ನೀರಿಗೆ ಹಾಕಿದಳು. ಟೊಳ್ಳೆಲ್ಲ ತೇಲಿದವು, ಗಟ್ಟಿ ಕಾಳು ಮುಳುಗಿದವು. ಅಷ್ಟು ದೊಡ್ಡ ಕಣಜಕ್ಕೆ ಬುಟ್ಟಿಯಷ್ಟೇ ಸಿಕ್ಕಿತು. ಅದನ್ನೇ ತೊಳೆದು, ಒಲೆಯ ಮೇಲೆ ಹುರಿದು, ಒಡೆದು ನುಚ್ಚು ಬೇಯಿಸಿ, ಮಜ್ಜಿಗೆ ಕಲಸಿ ಎಲ್ಲರಿಗೂ ಬಡಿಸಿದಳು. ರೊಟ್ಟಿ ಅಗಿಯಲಾರದ ಮುತ್ತಜ್ಜಿ ಹೊಟ್ಟೆ ತುಂಬ ಉಂಡದ್ದು ಆವತ್ತೇ.

“ಹುಡುಗಿ ನನಗ ಒಪ್ಪಿಗಿ,” ಅಂದಳು ಮುತ್ತಜ್ಜಿ. “ಆದ್ರ ನೀಲವ್ವಾ, ಮುಂದಿನ ಶ್ರಾವಣಕ್ಕ ಬರ್ತೀನಿ. ಕೆಳಗಿನ ಬಾಯಿ ಜೋಳದ ರೊಟ್ಟಿ ಹಾಕಿದ್ರ ಲಗ್ನ, ಇಲ್ಲಾಂದ್ರ ಇಲ್ಲ.” ಹುಡುಗನ ತಾಯಿ ಮೂಗಿನಿಂದ ಕೈ ತೆಗೆದು ಇನ್ನಷ್ಟು ನುಚ್ಚು ಹಾಕಿಸಿಕೊಂಡಳು.

ನೀಲಗಂಗವ್ವ ಕಣಜ ತೊಳೆಸಿ, ಸಗಣಿ ಸಾರಿಸಿ, ಸುಗ್ಗಿಯ ಜೋಳ ಒಣಗಿಸಿ ಮೇಲಿಂದ ತುಂಬಿ, ತನ್ನ ಕೈಯಾರೆ ಕೆಳಗಿನಿಂದ ತೆಗೆದು ಉಂಡಳು. ಮುಂದಿನ ಶ್ರಾವಣಕ್ಕೆ ಮುತ್ತಜ್ಜಿ ಬಂದು, ಬುಡದ ಕಾಳನ್ನು ಮೂಸಿ, ಕಲ್ಲಲ್ಲಿ ಕುಟ್ಟಿ ನೋಡಿ, “ಗಟ್ಟಿ ಐತಿ, ತಾಳಿ ತರ್ರಿ!” ಎಂದಳು. ಆ ಮುದುಕಿಯೇ ಕಣಜದವ್ವ ಎನ್ನುವವರುಂಟು. ಅಲ್ಲವೆಂದವರ ಜೋಳಕ್ಕೆ ಇಂದಿಗೂ ನುಸಿ.

ಅಂದಿನಿಂದ ಊರೆಲ್ಲ ಈ ವ್ರತ ಹಿಡಿದು, ಹೊಳೆ ಎಷ್ಟು ಸಲ ಉಕ್ಕಿದರೂ ಮುತ್ತನೂರು ಹಸಿದು ಮಲಗಲಿಲ್ಲ. ನುಸಿಗಳ ಗೌಡ ಬೇಸತ್ತು ವಲಸೆ ಹೋದ.

ಈ ಕಥೆ ಓದಿದವರ, ಕೇಳಿದವರ, ಹೂಂಗುಟ್ಟಿದವರ ಮನೆಯ ಬುಡದ ಕಾಳು ಗಟ್ಟಿಯಾಗಿರಲಿ, ನೆಂಟರು ಬಂದಾಗ ಮುಖ ಬಾಡದಿರಲಿ. ಈಗ ಏಳಿ, ಅಡುಗೆಮನೆಗೆ ಹೋಗಿ ಹಿಂದಿನ ಡಬ್ಬಿಯನ್ನು ಮುಂದಕ್ಕೆ ಇಟ್ಟು ಬನ್ನಿ. ಆಮೇಲೆ ಪ್ರಸಾದ.