ದೂರುಗಾರನಿಗೆ ಹೊದಿಸಿದ ಶಾಲು

ಹುಬ್ಬಳ್ಳಿಯಲ್ಲಿ ಧರಣೇಂದ್ರಪ್ಪ ಎಂಬ ವ್ಯಾಪಾರಿ ಇದ್ದರು. ಮೊದಲು ಬರೀ ಕ್ಯಾಮೆರಾ ಮಾರುತ್ತಿದ್ದರು. ಆಮೇಲೆ ಡ್ರೋನ್‌ಗಳು ಬಂದವು, ಅವನ್ನೂ ತರಿಸಿದರು. ಕೊನೆಗೆ ತಾನೇ ಓಡಾಡಿ ನೆಲ ಗುಡಿಸುವ ರೋಬೋಟ್ ಕೂಡ ಅವರ ಗೋದಾಮಿಗೆ ಬಂದು ಕೂತಿತು. ಅವರಿಗೆ ಒಬ್ಬಳೇ ಮಗಳು, ಪ್ರಭಾವತಿ. ಊರಿನ ವ್ಯಾಪಾರಿಗಳೆಲ್ಲ ಬೋರ್ಡಿನ ಮೇಲೆ 'ಆ್ಯಂಡ್ ಸನ್ಸ್' ಎಂದು ಬರೆಸಿದರೆ ಇವರು 'ಧರಣೇಂದ್ರಪ್ಪ ಆ್ಯಂಡ್ ಡಾಟರ್' ಎಂದು ಬರೆಸಿದರು. ಓಣಿಯವರು ನಕ್ಕರು. ಹಾಗೆ ನಕ್ಕವರೇ ಆಮೇಲೆ ಅಲ್ಲಿ ಕ್ಯಾಮೆರಾ ಕೊಂಡರು.

ಗದಗ, ಕೊಪ್ಪಳ, ಹಾವೇರಿ, ಬಾಗಲಕೋಟೆ ಕಡೆಯ ಎಷ್ಟೋ ಅಂಗಡಿಗಳಿಗೆ ಸರಕು ಹೋಗುತ್ತಿದ್ದುದು ಇವರಿಂದಲೇ. ಆ ಅಂಗಡಿಯವರು ಪೆಟ್ಟಿಗೆ ಬಿಚ್ಚಿ ನೋಡುತ್ತಲೂ ಇರಲಿಲ್ಲ, ಬಂದದ್ದನ್ನು ಬಂದ ಹಾಗೆ ಗಿರಾಕಿಯ ಕೈಗೆ ಕೊಡುತ್ತಿದ್ದರು. ಧರಣೇಂದ್ರಪ್ಪನವರ ಮಾಲು ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ಅಷ್ಟು ವರ್ಷದ ವ್ಯಾಪಾರದಲ್ಲಿ ಆ ಮನೆತನ ಗಳಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಆ ನಂಬಿಕೆಯೇ.

ಆ ನಂಬಿಕೆಯ ಹಿಂದೆ ಒಬ್ಬ ಮನುಷ್ಯನಿದ್ದ. ಕುಂದಗೋಳದ ಅಡಿವೆಪ್ಪ. ಮದುವೆಗಳ ವಿಡಿಯೊ ತೆಗೆಯುವುದು ಅವನ ಕಸುಬು, ತಪ್ಪು ಹುಡುಕುವುದು ಅವನ ಸ್ವಭಾವ. ಚಹಾ ಕೊಟ್ಟರೆ ಸಕ್ಕರೆ ಸುರಿದಿದ್ದೀರಿ ಎನ್ನುವನು. ಸಕ್ಕರೆ ಕಡಿಮೆ ಮಾಡಿದರೆ ಇದೇನು ಜ್ವರ ಬಂದವರ ಚಹಾನಾ ಎನ್ನುವನು. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಗುರುತು ಸಣ್ಣದಾಯಿತು ಎಂದು ಒಮ್ಮೆ ಅರ್ಧ ಗಂಟೆ ತಕರಾರು ತೆಗೆದಿದ್ದ. ಆ ಕ್ಯಾಲೆಂಡರ್ ಅಚ್ಚು ಹಾಕಿಸಿದವರು ಧರಣೇಂದ್ರಪ್ಪನವರು ಅಲ್ಲವೇ ಅಲ್ಲ.

ಧರಣೇಂದ್ರಪ್ಪ ಅವನನ್ನು ಓಡಿಸಲಿಲ್ಲ, ಕೆಲಸಕ್ಕೆ ಹಚ್ಚಿದರು. ಹೊಸ ಮಾದರಿ ಯಾವುದೇ ಬರಲಿ, ಅಂಗಡಿಗಳಿಗೆ ಕಳಿಸುವ ಮೊದಲು ಒಂದನ್ನು ಅಡಿವೆಪ್ಪನ ಕೈಗಿಟ್ಟು, ಹದಿನೈದು ದಿನ ಬಳಸು, ಬೈಯುವುದನ್ನೆಲ್ಲ ಬೈದು ವಾಪಸ್ ಕೊಡು ಎನ್ನುತ್ತಿದ್ದರು. ಅವನೋ ಬೈಯುವುದರಲ್ಲಿ ಜಿಪುಣನಲ್ಲ. ಒಂದು ಕ್ಯಾಮೆರಾದ ಪರದೆ ಬೇಸಿಗೆಯ ಬಿಸಿಲಿನಲ್ಲಿ ಕಾಣುವುದೇ ಇಲ್ಲ ಎಂದ. ಧರಣೇಂದ್ರಪ್ಪ ದರ್ಜಿಯ ಹತ್ತಿರ ಪರದೆಗೆ ನೆರಳಾಗುವ ಕರಿಬಟ್ಟೆಯ ಕುಲಾವಿ ಹೊಲಿಸಿ ಪ್ರತಿ ಪೆಟ್ಟಿಗೆಯಲ್ಲೂ ಇಟ್ಟರು. ನೆಲ ಗುಡಿಸುವ ರೋಬೋಟನ್ನಂತೂ ಅಡಿವೆಪ್ಪ ಮೂರೇ ದಿನಕ್ಕೆ ಹೊತ್ತು ತಂದ. ದೇವರ ಮುಂದೆ ಅವನ ಹೆಂಡತಿ ಹಾಕಿದ್ದ ರಂಗೋಲಿಯನ್ನು ಅದು ಒಂದು ಚುಕ್ಕಿಯೂ ಬಿಡದೆ ಗುಡಿಸಿತ್ತು. ಆಕೆ ಬೈದದ್ದು ರೋಬೋಟನ್ನಲ್ಲ, ಗಂಡನನ್ನು. ಅಂದಿನಿಂದ ಪ್ರತಿ ರೋಬೋಟಿನ ಜೊತೆ ಒಂದು ಅಂಟುಪಟ್ಟಿ ಹೋಗತೊಡಗಿತು. ಅದನ್ನು ನೆಲಕ್ಕೆ ಅಂಟಿಸಿದರೆ ರೋಬೋಟ್ ಅದನ್ನು ದಾಟುವುದಿಲ್ಲ, ರಂಗೋಲಿಯೂ ಉಳಿಯುತ್ತದೆ.

ಧರಣೇಂದ್ರಪ್ಪನವರಿಗೆ ವಯಸ್ಸಾಯಿತು. ಪ್ರಭಾವತಿ ಕಂಪನಿ ನೋಡಿಕೊಳ್ಳತೊಡಗಿದಳು. ಜಾಣೆ, ಕೆಲಸದಲ್ಲಿ ತಂದೆಗಿಂತ ಒಂದು ಕೈ ಮೇಲೆ. ಗಾಜಿನ ಬಾಗಿಲಿನ ಹೊಸ ಶೋರೂಮ್ ಕಟ್ಟಿಸಿದಳು. ಗಿರಾಕಿಗಳು ಮೊಬೈಲಿನಲ್ಲಿ ನಕ್ಷತ್ರ ಒತ್ತಿ ಮೆಚ್ಚುಗೆ ತಿಳಿಸುವ ಏರ್ಪಾಡು ಮಾಡಿದಳು. ಐದು ನಕ್ಷತ್ರ ಕಂಡರೆ ಅವಳಿಗೆ ಹಬ್ಬ.

ಅಡಿವೆಪ್ಪ ಮಾತ್ರ ಅದೇ ಅಡಿವೆಪ್ಪ. ಒಂದು ದಿನ ಕ್ಯಾಮೆರಾ ಕೊಳ್ಳಲು ಬಂದ ಗಂಡಹೆಂಡತಿಯ ಪಕ್ಕದಲ್ಲಿ ನಿಂತು, ಇದರ ಬ್ಯಾಟರಿ ಮುಚ್ಚಳ ಸಡಿಲ, ವರ್ಷ ತುಂಬುವುದರೊಳಗೆ ಕಳೆದುಹೋಗುತ್ತದೆ ಎಂದುಬಿಟ್ಟ. ಅವರು ಕೊಳ್ಳದೆ ಹೋದರು. ಪ್ರಭಾವತಿಗೆ ಸಿಟ್ಟು ನೆತ್ತಿಗೇರಿತು. ಆದರೆ ತಂದೆಯ ಗೆಳೆಯ, ತನ್ನನ್ನು ಚಿಕ್ಕಂದಿನಿಂದ 'ತಂಗೆವ್ವಾ' ಎಂದು ಕರೆದವನು; ಬರಬೇಡ ಎನ್ನುವುದು ಹೇಗೆ? ಯೋಚಿಸಿದಳು. ದೊಡ್ಡವರನ್ನು ಮರ್ಯಾದೆಯಿಂದ ದೂರ ಇಡುವುದಕ್ಕೆ ನಮ್ಮಲ್ಲಿ ಒಂದು ಉಪಾಯ ಇದ್ದೇ ಇದೆಯಲ್ಲ. ಸನ್ಮಾನ.

ಕಂಪನಿಯ ವಾರ್ಷಿಕೋತ್ಸವದ ದಿನ ಅಡಿವೆಪ್ಪನನ್ನು ವೇದಿಕೆಗೆ ಕರೆದು ಪೇಟ ಇಟ್ಟು, ಹಾರ ಹಾಕಿ, ಜರಿಯಂಚಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟಳು. ನಮ್ಮ ಹಿರಿಯ ಹಿತೈಷಿಗಳು ಇಷ್ಟು ವರ್ಷ ನಮಗಾಗಿ ಕಷ್ಟಪಟ್ಟಿದ್ದಾರೆ, ಇನ್ನು ಅವರಿಗೆ ತೊಂದರೆ ಕೊಡುವುದಿಲ್ಲ ಎಂದು ಮೈಕಿನಲ್ಲಿ ಹೇಳಿದಳು. ಅಡಿವೆಪ್ಪ ಪೇಟ ಬಿಗಿಯಾಯಿತು ಎಂದು ಕೂಡ ಅನ್ನಲಿಲ್ಲ. ಕಣ್ಣು ಒರೆಸಿಕೊಂಡು, ಕೈಮುಗಿದು ಕೆಳಗಿಳಿದ. ಜೀವಮಾನದಲ್ಲಿ ಅವನಿಗೆ ಯಾರೂ ಶಾಲು ಹೊದಿಸಿರಲಿಲ್ಲ.

ಮುಂದೆ ಹೊಸ ಡ್ರೋನ್ ಬಂತು. ಹಗುರ, ಚೆಂದ, ಅಗ್ಗ. ಪ್ರಭಾವತಿ ಅದನ್ನು ಹತ್ತು ಮಂದಿ ಉತ್ಸಾಹಿಗಳ ಕೈಗೆ ಕೊಟ್ಟು ಶೋರೂಮಿನ ಮಾಳಿಗೆಯ ಮೇಲೆ ಹಾರಿಸಲು ಹೇಳಿದಳು. ಹತ್ತಕ್ಕೆ ಹತ್ತೂ ಮಂದಿ ಐದು ನಕ್ಷತ್ರ ಕೊಟ್ಟರು. ಇನ್ನೂರ ನಲವತ್ತು ಡ್ರೋನ್‌ಗಳು ಗೋದಾಮಿನಲ್ಲಿ ತಯಾರಾದವು. ಮದುವೆಗಳ ಕಾಲ, ಅಂಗಡಿಯವರು ಫೋನಿನ ಮೇಲೆ ಫೋನು. ಸೋಮವಾರ ವ್ಯಾನ್ ಹೊರಡುವುದೆಂದು ಗೊತ್ತಾಯಿತು.

ಶನಿವಾರ ಧರಣೇಂದ್ರಪ್ಪ ಶೋರೂಮಿಗೆ ಬಂದರು. ಮಗಳು ನಕ್ಷತ್ರಗಳನ್ನೆಲ್ಲ ತೋರಿಸಿದಳು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅಡಿವೆಪ್ಪ ಏನಂತ ಬೈದಾ?"

"ಬೈದಿಲ್ಲಪ್ಪಾ."

"ಬೈದಿಲ್ಲಂದ್ರ ಅಂವಾ ಇನ್ನೂ ನೋಡಿಲ್ಲ ಅಂತ ತಿಳಕೋ," ಎಂದು ಅವರು ಕೋಲು ಊರಿಕೊಂಡು ಮನೆಗೆ ಹೋದರು.

ತಂದೆಯ ಸಮಾಧಾನಕ್ಕೆ ಇರಲಿ ಎಂದು ಅವಳು ಅಂದೇ ಅಡಿವೆಪ್ಪನನ್ನು ಕರೆಸಿದಳು. ಬಂದ. ಶಾಲು ಹೊದ್ದೇ ಬಂದ. ಮಾಳಿಗೆಯ ಮೇಲೆ ಡ್ರೋನನ್ನು ರಿಮೋಟ್ ಕೀಂಕೀಂ ಎನ್ನುವ ತನಕ ಹಾರಿಸಿ ಕೆಳಗಿಳಿಸಿದ. ಬಹಳ ಛಲೋ ಇದೆ ಮೇಡಂ ಎಂದ. ಅವಳನ್ನು ಅವನು ಮೇಡಂ ಎಂದದ್ದು ಅದೇ ಮೊದಲು. ಪ್ರಭಾವತಿಗೆ ಹಗುರವೆನಿಸಿತು. ಇಬ್ಬರಿಗೂ ಚಹಾ ತರಿಸಿದಳು. ಅಡಿವೆಪ್ಪ ಲೋಟ ಖಾಲಿ ಮಾಡಿ, ಚಹಾನೂ ಛಲೋ ಇದೆ ಎಂದು ಹೇಳಿ, ನಮಸ್ಕಾರ ಮಾಡಿ ಹೋದ.

ಅವನು ಹೋದ ಮೇಲೆ ಅವಳು ತನ್ನ ಲೋಟ ಬಾಯಿಗಿಟ್ಟಳು. ಆ ಚಹಾಕ್ಕೆ ಸಕ್ಕರೆಯನ್ನೇ ಹಾಕಿರಲಿಲ್ಲ.

ಪ್ರಭಾವತಿ ಲೋಟ ಕೆಳಗಿಟ್ಟಳು. ಸಕ್ಕರೆಯಿಲ್ಲದ ಚಹಾ ಛಲೋ ಎಂದವನು ಡ್ರೋನ್ ಛಲೋ ಎಂದರೆ ಅದನ್ನು ಯಾವ ಲೆಕ್ಕಕ್ಕೆ ಹಿಡಿಯುವುದು? ಅವಳಿಗೆ ಹೆದರಿಕೆಯಾಯಿತು. ವ್ಯಾನ್ ನಿಲ್ಲಿಸಿ ಎಂದು ಗೋದಾಮಿಗೆ ಫೋನ್ ಮಾಡಿದಳು. ಮರುದಿನ ಬೆಳಿಗ್ಗೆ, ಆ ಡ್ರೋನನ್ನೂ ತೆಗೆದುಕೊಂಡು ಕುಂದಗೋಳಕ್ಕೆ ಹೊರಟಳು.

ಅಡಿವೆಪ್ಪನ ಮನೆಯಲ್ಲಿ ಶಾಲು ಗೋಡೆಯ ಗೂಟಕ್ಕೆ ತೂಗುತ್ತಿತ್ತು, ಧೂಳು ಕೂರದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ. ಅದನ್ನು ಕಂಡು ಪ್ರಭಾವತಿಗೆ ನಾಚಿಕೆಯಾಯಿತು. ಆದರೂ ಹೇಳಬೇಕಾದ್ದನ್ನು ಹೇಳಿಯೇ ಬಿಟ್ಟಳು.

"ಕಾಕಾ, ಆ ಶಾಲು ನನಗ ವಾಪಸ್ ಕೊಡ್ರಿ. ನಿಮ್ಮ ಬಾಯಿ ಮುಚ್ಚಿಸಬೇಕಂತ ಹೊದಿಸಿದ್ದೆ. ತಪ್ಪಾತು. ನೀವು ಮೊದಲಿನಂಗ ಬೈರಿ."

ಅಡಿವೆಪ್ಪನ ಹೆಂಡತಿ ಒಳಗಿಂದ ಬಂದವಳು ಅಲ್ಲೇ ನಿಂತಳು. ಅಡಿವೆಪ್ಪ ಗೂಟದ ಶಾಲಿನ ಕಡೆ ನೋಡಿದ.

"ನಿನ್ನೆ ಒಂದು ಮಾತು ನಾಲಿಗಿ ತನಕಾ ಬಂದಿತ್ತವ್ವಾ," ಎಂದ. "ಮೈಮ್ಯಾಲ ನೀವು ಹೊದಿಸಿದ ಶಾಲು ಇತ್ತು. ಹೊದಿಸಿದವರಿಗೆ ಹೆಂಗ ಅನ್ಲಿ? ನುಂಗಿಬಿಟ್ಟೆ."

ಆ ಮಾತು ಏನೆಂದು ಅವಳು ಕೇಳಿದಳು. ಹೇಳಿದರೆ ನಂಬುವುದಿಲ್ಲ, ಇವತ್ತು ಪಕ್ಕದ ಸಂಶಿಯಲ್ಲಿ ನಾನು ವಿಡಿಯೊ ತೆಗೆಯುವ ಒಂದು ಮದುವೆ ಇದೆ, ನೀವೇ ಬಂದು ಹಾರಿಸಿ ನೋಡಿ ಎಂದ. ಶಾಲನ್ನು ತಾನೇ ಗೂಟದಿಂದ ಇಳಿಸಿ, ಮಡಚಿ, ಅವಳ ಕೈಗೆ ಕೊಟ್ಟ. ಕೊಡುವಾಗ ಮುಖದಲ್ಲಿ ಸ್ವಲ್ಪ ಬೇಸರವಿತ್ತು, ಸ್ವಲ್ಪ ನಿರಾಳವೂ ಇತ್ತು.

ಸಂಶಿಯಲ್ಲಿ ಮದುಮಗನ ಮೆರವಣಿಗೆ ಹೊರಟಿತ್ತು. ಮುಂದೆ ಬ್ಯಾಂಡು, ಹಿಂದೆ ಡೊಳ್ಳು, ನಡುವೆ ಕುಣಿಯುವ ಮಕ್ಕಳು. ರಿಮೋಟ್ ಪ್ರಭಾವತಿಯ ಕೈಯಲ್ಲಿತ್ತು, ಕಣ್ಣು ಮೆರವಣಿಗೆಯ ಮೇಲಿತ್ತು. ಡ್ರೋನಿನ ಬ್ಯಾಟರಿ ಮುಗಿಯುತ್ತ ಬಂದಾಗ ಆ ರಿಮೋಟ್ ಕೀಂಕೀಂ ಎಂದು ಎಚ್ಚರಿಸಬೇಕು. ಎಚ್ಚರಿಸಿತು ಕೂಡ. ಆ ಗದ್ದಲದಲ್ಲಿ ಅದು ಕೇಳಬೇಕಲ್ಲ? ನೋಡುನೋಡುತ್ತಿದ್ದಂತೆ ಡ್ರೋನ್ ತನ್ನಷ್ಟಕ್ಕೆ ತಾನೇ ಕೆಳಗಿಳಿಯತೊಡಗಿತು, ನೇರ ಮಕ್ಕಳ ತಲೆಯ ಮೇಲೆ. ಪ್ರಭಾವತಿ ಯಾವ ಗುಂಡಿ ಒತ್ತಬೇಕೆಂದು ಹುಡುಕತೊಡಗಿದಳು. ಅಡಿವೆಪ್ಪ ರಿಮೋಟ್ ಕಸಿದುಕೊಂಡು ಡ್ರೋನನ್ನು ಪಕ್ಕಕ್ಕೆ ತಳ್ಳಿದ. ಅದು ಮಕ್ಕಳನ್ನು ದಾಟಿ, ಒಂದು ಮನೆಯ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಯಲ್ಲಿ ಹೋಗಿ ಕೂತಿತು. ಸಂಡಿಗೆಯ ಒಡತಿ ಇಬ್ಬರನ್ನೂ ಚೆನ್ನಾಗಿ ಬೈದಳು. ಪ್ರಭಾವತಿ ನಿಂತು ಕೇಳಿಸಿಕೊಂಡಳು.

ನಿಶ್ಶಬ್ದವಾದ ಮಾಳಿಗೆಯಲ್ಲಿ ಹತ್ತು ಮಂದಿಗೂ ಸ್ಪಷ್ಟವಾಗಿ ಕೇಳಿದ್ದ ಶಬ್ದ ಅದು. ಮದುವೆಯ ಗದ್ದಲ ಬಲ್ಲವನು ಒಬ್ಬನೇ, ಅವನ ಬಾಯಿಗೆ ತಾನೇ ಬೀಗ ಹಾಕಿದ್ದಳು. ಇನ್ನೂರ ನಲವತ್ತು ಡ್ರೋನ್‌ಗಳು ಇನ್ನೂರ ನಲವತ್ತು ಮೆರವಣಿಗೆಗಳ ಮೇಲೆ ಹಾರುವುದನ್ನು ಅವಳು ನೆನೆದಳು.

ಅವಳು ತಯಾರಕರಿಗೆ ಬರೆದಳು. ಉತ್ತರ ಬಂದು, ದುರಸ್ತಿಯಾಗುವ ಹೊತ್ತಿಗೆ ಇಪ್ಪತ್ತು ದಿನ ಹಿಡಿಯಿತು. ಕಾದು ಬೇಸತ್ತ ಇಬ್ಬರು ಅಂಗಡಿಯವರು ಬೇರೆ ಕಡೆ ಕೊಂಡರು. ಉಳಿದವರಿಗೆಲ್ಲ ಪ್ರಭಾವತಿ ತಾನೇ ಫೋನ್ ಮಾಡಿ, ಮಾಲಿನಲ್ಲಿ ತಪ್ಪಿತ್ತು, ನಾನು ನೋಡಿರಲಿಲ್ಲ, ಅಡಿವೆಪ್ಪ ಕಾಕಾ ನೋಡಿದರು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕಾದರು. ಪೆಟ್ಟಿಗೆಗಳು ಬಂದಾಗ ಮೊದಲಿನ ಹಾಗೆ ಬಿಚ್ಚದೆಯೇ ಮಾರಿದರು.

ಈಗ ಬ್ಯಾಟರಿ ಮುಗಿಯುತ್ತ ಬಂದರೆ ರಿಮೋಟ್ ಕೈಯಲ್ಲೇ ನಡುಗುತ್ತದೆ. ಎಂಥ ಡೊಳ್ಳಿನ ನಡುವೆಯೂ ತಿಳಿಯದೆ ಇರುವುದಿಲ್ಲ. ಆ ಪೆಟ್ಟಿಗೆಗಳನ್ನು ಕಳಿಸುವ ಮೊದಲು ಪ್ರಭಾವತಿ ಒಂದನ್ನು ಅಡಿವೆಪ್ಪನಿಗೆ ಕೊಟ್ಟಿದ್ದಳು. ಅವನು ಎರಡು ಮದುವೆಗಳಲ್ಲಿ ಹಾರಿಸಿ, ಶೋರೂಮಿಗೆ ಬಂದು, ರಿಮೋಟನ್ನು ಮೇಜಿನ ಮೇಲಿಟ್ಟ.

"ಇದು ಹಿಂಗ ನಡಗಿದ್ರ ನನ್ನ ಕೈನೂ ನಡಗತೈತಿ, ವಿಡಿಯೊನೂ ನಡಗತೈತಿ. ಸ್ವಲ್ಪ ಕಡಿಮಿ ಮಾಡಿಸು, ತಂಗೆವ್ವಾ."

ಪ್ರಭಾವತಿಗೆ ಐದು ನಕ್ಷತ್ರ ಬಂದದ್ದಕ್ಕಿಂತ ಹೆಚ್ಚು ಖುಷಿಯಾಯಿತು. ಕುರ್ಚಿ ಎಳೆದು ಅವನನ್ನು ಕೂರಿಸಿ, ಮುಂದೆ ಇನ್ನೇನು ಎಂದು ಕೇಳುತ್ತ ಬರೆದುಕೊಳ್ಳತೊಡಗಿದಳು.

ನೀತಿ: ತಪ್ಪು ತೋರಿಸುವವರಿಗೆ ನಾವು ಮಾಡಬಹುದಾದ ದೊಡ್ಡ ಸನ್ಮಾನವೆಂದರೆ ಅವರ ಮಾತನ್ನು ಕೇಳುವುದು. ಹೊಗಳಿಕೆಯಿಂದ ಅವರ ಬಾಯಿ ಮುಚ್ಚಿಸಿದರೆ ತಪ್ಪು ಹೋಗುವುದಿಲ್ಲ, ಅದನ್ನು ಹೇಳುವವರು ಮಾತ್ರ ಹೋಗುತ್ತಾರೆ.